ಕರಿ ಕುದುರೆಯನ್ನು ಅಟ್ಟುವ ಬಿಳಿ ಕಾಲಾಳುಗಳು

ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದು ಇ4ಕ್ಕೆ ಬಂತು. ಅದಕ್ಕೆ ಉತ್ತರವಾಗಿ ಕಪ್ಪು ಕುದುರೆ ಎಫ್6ಕ್ಕೆ ಜಿಗಿದರೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತುಕೊಳ್ಳಿ. ಇದು ಚದುರಂಗದ ಅಲೆಖಿನ್ ರಕ್ಷಣೆ. ಕಾಲಾಳು ಇ5ಕ್ಕೆ ಬಂದು ಕುದುರೆಯನ್ನು ಅಟ್ಟುತ್ತದೆ, ಕುದುರೆ ಡಿ5ಕ್ಕೆ ಹಾರುತ್ತದೆ. ಸಿ4ರಿಂದ ಇನ್ನೊಂದು ಅಟ್ಟುತ್ತದೆ, ಕುದುರೆ ಬಿ6ಕ್ಕೆ ಸರಿಯುತ್ತದೆ. ಕಪ್ಪು ಸುಮ್ಮನೆ ನಡೆ ಹಾಳು ಮಾಡಿಕೊಂಡಿತೆಂದು ಹೊಸಬರಿಗೆ ಅನಿಸುವುದು ಇಲ್ಲೇ. ಆ ಹೊತ್ತಿಗೆ ಕುದುರೆಯನ್ನು ಬಿಟ್ಟು, ಅದನ್ನು ಅಟ್ಟಿಕೊಂಡು ಬಂದ ಕಾಲಾಳುಗಳನ್ನು ನೋಡಿ. ಕುದುರೆ ಬೇಕಾದಾಗ ಮರಳಬಲ್ಲದು, ಕಾಲಾಳಿಗೆ ಹಿಂದಡಿ ಇಲ್ಲ.

ಮುಂದೆ ನುಗ್ಗಿ ಹಿಡಿದದ್ದನ್ನು ಕಾಯುವ ಕಷ್ಟವನ್ನು ರಾಯಚೂರು ಬಳಿಯ ದೇವಸುಗೂರಿನವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನೆಲವನ್ನು ಗೆದ್ದವರಿಗೆಲ್ಲ ಉಳಿಸಿಕೊಳ್ಳುವುದೇ ಕಷ್ಟವಾಯಿತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ. ಅವನು ತೀರಿದ ಮೇಲೆ ಆದಿಲ್‌ಶಾಹಿಗಳು ಅದನ್ನು ಮರಳಿ ಪಡೆದರು.

ಅಲೆಕ್ಸಾಂಡರ್ ಅಲೆಖಿನ್ ಈ ಆರಂಭವನ್ನು 1921ರಲ್ಲಿ ಬುಡಾಪೆಸ್ಟ್‌ನಲ್ಲಿ ಆಡಿ ತೋರಿಸಿದ. ನಡುವಿನ ಮನೆಗಳನ್ನು ಕಾಲಾಳುಗಳಿಂದಲೇ ತುಂಬಬೇಕಿಲ್ಲ, ದೂರದಿಂದ ಕುದುರೆ, ಒಂಟೆಗಳ ಮೂಲಕವೂ ಹಿಡಿತ ಸಾಧಿಸಬಹುದು ಎಂದು ರೇಟಿ, ನಿಮ್ಜೊವಿಚ್‌ರಂಥ ಆಟಗಾರರು ವಾದಿಸುತ್ತಿದ್ದ ಕಾಲವದು.

ಈ ವಾದದ ನಿಜವಾದ ಪರೀಕ್ಷೆ ನಾಲ್ಕು ಕಾಲಾಳುಗಳ ದಾಳಿ. ಸಿ4, ಡಿ4, ಇ5, ಎಫ್4ರಲ್ಲಿ ಬಿಳಿ ಕಾಲಾಳುಗಳು ಸಾಲಾಗಿ ನಿಂತಾಗ ಕಪ್ಪು ಉಸಿರುಗಟ್ಟಿದಂತೆ ಕಾಣುತ್ತದೆ. ಕಪ್ಪು ಡಿ6ರಿಂದ ಇ5ರ ಕಾಲಾಳನ್ನು ಹೊಡೆದು, ಎರಡನೇ ಕುದುರೆಯನ್ನು ಸಿ6ಕ್ಕೆ, ಒಂಟೆಯನ್ನು ಎಫ್5ಕ್ಕೆ ತರುತ್ತದೆ. ಆಗ ಡಿ4ನ್ನು ಕಾಯುವ ಕೆಲಸ ಬಿಳಿಯ ಹೆಗಲಿಗೆ ಬೀಳುತ್ತದೆ. ಬಿ6ರ ಕುದುರೆ ಸಿ4ರ ಮೇಲೆ ಕಣ್ಣಿಟ್ಟೇ ಇರುತ್ತದೆ. ಬಿಳಿಯ ಯಾವ ಕಾಯಿ ಕಾವಲಿಗೆ ಕಟ್ಟುಬಿದ್ದಿದೆ, ಯಾವುದು ಸ್ವತಂತ್ರವಾಗಿದೆ ಎಂದು ಗಮನಿಸಿ. ನನಗೆ ಈ ಆರಂಭದ ರುಚಿಯೆಲ್ಲ ಇಲ್ಲೇ ಇದೆ. ಬಿಳಿ ದುರಾಸೆ ಬಿಟ್ಟು ನಾಲ್ಕನೇ ನಡೆಯಲ್ಲಿ ಕುದುರೆಯನ್ನು ಎಫ್3ಕ್ಕೆ ತಂದರೆ ಕಪ್ಪಿನ ಕೆಲಸ ಕಷ್ಟವೆನ್ನುವುದೂ ನಿಜ.

1972ರ ರೇಕ್ಯಾವಿಕ್ ವಿಶ್ವ ಚಾಂಪಿಯನ್‌ಶಿಪ್‌ನ 13ನೇ ಆಟದಲ್ಲಿ ಬಿಳಿ ಕಾಯಿಗಳ ಸ್ಪಾಸ್ಕಿ ಆಡಿದ್ದು ಹಾಗೆಯೇ. ಆದರೂ 13ನೇ ನಡೆಯಲ್ಲಿ ಎದುರಾಳಿ ಫಿಶರ್‌ನ ಬಿ6ರ ಕುದುರೆ ಎ4ರ ಕಾಲಾಳನ್ನು ಕಿತ್ತುಕೊಂಡಿತು. ಕೊನೆಗೆ ಫಿಶರ್ ತನ್ನ ಆನೆಯನ್ನೇ ಜಿ8ರಲ್ಲಿ ಸೆರೆಯಾಗಲು ಬಿಟ್ಟು, ಕಾಲಾಳುಗಳನ್ನು ಓಡಿಸಿ 74 ನಡೆಗಳಲ್ಲಿ ಗೆದ್ದ. ಮೊದಲಿಗೆ ಈ ಆಟವನ್ನು ಹಲಗೆಯ ಮೇಲೆ ನಿಧಾನವಾಗಿ ಆಡಿ ನೋಡಿ. ಸ್ಪಾಸ್ಕಿಯ ಪ್ರತಿ ಕಾಲಾಳು ಮುಂದೆ ಬಂದಾಗ ಅದು ಬಿಟ್ಟುಬಂದ ಮನೆಯನ್ನು ಈಗ ಕಾಯುವವರಾರೆಂದು ಕೇಳಿಕೊಳ್ಳಿ.