ನೂರ ಎಪ್ಪತ್ತಾರು ಕೋಟಿಯ ಚೆಲುವು

1,76,63,19,049. ಒಮ್ಮೆ ಬಾಯಿಬಿಟ್ಟು, ನಿಧಾನವಾಗಿ ಓದಿ: ನೂರ ಎಪ್ಪತ್ತಾರು ಕೋಟಿ, ಅರವತ್ತಮೂರು ಲಕ್ಷ, ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ಮೇಲ್ನೋಟಕ್ಕೆ ಯಾವುದೋ ಹಳೆಯ ಲೆಕ್ಕದ ಪುಸ್ತಕದ ಶಿಲ್ಕಿನ ಹಾಗಿದೆ. ನನಗಂತೂ ಇಷ್ಟು ನಯವಾಗಿ ಕಡೆದ ಸಂಖ್ಯೆ ಇನ್ನೊಂದು ಸಿಕ್ಕಿಲ್ಲ.

ಇದರ ವರ್ಗ ಮಾಡಿ. 22,61,53,980ರ ವರ್ಗವನ್ನು 61ರಿಂದ ಗುಣಿಸಿ ಅದರಿಂದ ಕಳೆಯಿರಿ. ಹತ್ತೊಂಬತ್ತು ಹತ್ತೊಂಬತ್ತು ಅಂಕಿಗಳ ಎರಡು ಭಾರೀ ರಾಶಿಗಳು ಒಂದರಲ್ಲೊಂದು ಕರಗಿ, ಕೊನೆಗೆ ಉಳಿಯುವುದು... ಒಂದು. ಬರೀ ಒಂದು! 61ರ ಮಟ್ಟಿಗೆ ಹೀಗೆ ಒಂದನ್ನು ಉಳಿಸುವ ಜೋಡಿಗಳಲ್ಲಿ ಇದೇ ಅತಿ ಚಿಕ್ಕದು. ಎಡಬದಿಯ 60ಕ್ಕೆ 31 ಮತ್ತು 4 ಸಾಕು. ಬಲಬದಿಯ 62ಕ್ಕೆ 63 ಮತ್ತು 8. ನಡುವಿನ ಈ ಹಟಮಾರಿ ಮಾತ್ರ ಕೋಟಿಗಳಿಗಿಂತ ಕಡಿಮೆಗೆ ಒಪ್ಪುವುದಿಲ್ಲ.

ಸಹ್ಯಾದ್ರಿಯ ಆಸರೆಯ ವಿಜ್ಜಡವಿಡದ ಭಾಸ್ಕರಾಚಾರ್ಯ 1150ರ ಸುಮಾರಿಗೆ ತನ್ನ ಬೀಜಗಣಿತದಲ್ಲಿ ಉದಾಹರಣೆಗೆಂದು ಆರಿಸಿಕೊಂಡದ್ದು ಈ 61ನ್ನೇ. ಎಂಥ ರಸಿಕ! 1657ರಲ್ಲಿ ಫ್ರಾನ್ಸಿನ ಫರ್ಮಾ ಸವಾಲು ಹಾಕಿದಾಗಲೂ ಇದೇ 61 ಅಲ್ಲಿತ್ತು.

ಭಾಸ್ಕರನ ಚಕ್ರವಾಳ ವಿಧಾನದ ಬೆಡಗು ನೋಡಿ. 8ರ ವರ್ಗ 64. 61ಕ್ಕಿಂತ 3 ಹೆಚ್ಚು. ಚಕ್ರ ಒಂದು ಸುತ್ತು ತಿರುಗಿದರೆ ಕೈಗೆ ಬರುವುದು 39 ಮತ್ತು 5. 39ರ ವರ್ಗ 1521, 5ರ ವರ್ಗದ 61 ಪಟ್ಟು 1525, ಕೊರತೆ 4. ಇಲ್ಲಿಂದ ಬ್ರಹ್ಮಗುಪ್ತ 628ರಲ್ಲೇ ಕಟ್ಟಿಕೊಟ್ಟಿದ್ದ 'ಭಾವನಾ' ಕೈಹಿಡಿಯುತ್ತದೆ, ಎರಡು ಜೋಡಿಗಳನ್ನು ಹೆಣೆದು ಮೂರನೆಯದನ್ನು ಪಡೆಯುವ ಕುಶಲ ಕಲೆ ಅದು. 39 ಮತ್ತು 5 ಎರಡನ್ನೂ ಅರ್ಧ ಮಾಡಿದರೆ ಕೊರತೆ ಒಂದಕ್ಕಿಳಿಯುತ್ತದೆ. ಭಿನ್ನರಾಶಿ ಬಂತಲ್ಲ ಎಂದು ಅಂಜಬೇಡಿ. ಆ ಜೋಡಿಯನ್ನು ಅದರೊಡನೆಯೇ ಹೆಣೆಯಿರಿ, ಇನ್ನೂ ಅರ್ಧಗಳೇ. ಬಂದದ್ದನ್ನು ಮೊದಲಿನ ಅರ್ಧಗಳ ಜೋಡಿಯೊಡನೆ ಮತ್ತೊಮ್ಮೆ ಹೆಣೆಯಿರಿ. ಅರ್ಧಗಳೆಲ್ಲ ಉದುರಿ, ತಿಳಿಯಾದ ಎರಡು ಪೂರ್ಣಾಂಕಗಳು ಎದ್ದು ಬರುತ್ತವೆ: 29,718 ಮತ್ತು 3,805. ಕೊರತೆ ಈಗಲೂ ಒಂದೇ. ಇವನ್ನು ತಮ್ಮೊಡನೆಯೇ ಹೆಣೆದಾಗ ಋಣವನ್ನು ಋಣ ಗುಣಿಸಿ ಧನವಾಗಿ, ನಮ್ಮ ನೂರ ಎಪ್ಪತ್ತಾರು ಕೋಟಿ ಮೈದಳೆಯುತ್ತದೆ.

ಹುಟ್ಟಿದ ಗುರುತು ಅದರ ಅಕ್ಕಪಕ್ಕದಲ್ಲೇ ಉಳಿದಿದೆ. ಒಂದು ಕಳೆದರೆ 29,718ರ ವರ್ಗದ ಎರಡು ಪಟ್ಟು. ಒಂದು ಕೂಡಿದರೆ 3,805ರ ವರ್ಗದ 122 ಪಟ್ಟು. ಇನ್ನು 1,76,63,19,049ನ್ನು ಅದರ ಜೋಡಿಯಾದ 22,61,53,980ರಿಂದ ಭಾಗಿಸಿದರೆ 61ರ ವರ್ಗಮೂಲವೇ ಬರುತ್ತದೆ, ಹದಿನೇಳು ದಶಮಾಂಶ ಸ್ಥಾನಗಳವರೆಗೆ ಚಾಚೂ ತಪ್ಪದೆ. ಇದಕ್ಕೆ ಬೇಕಾದದ್ದು ಗುಣಾಕಾರ, ಭಾಗಾಕಾರ, ಅಷ್ಟೇ.

ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಮೊದಲು 13ರಿಂದ ಶುರು ಮಾಡಿ. 18ರ ವರ್ಗ 324, 5ರ ವರ್ಗದ 13 ಪಟ್ಟು 325, ಕೊರತೆ ಒಂದು. ಈ ಜೋಡಿಯನ್ನು ಅದರೊಡನೆಯೇ ಹೆಣೆದು ನೋಡಿ (324ಕ್ಕೆ 325 ಕೂಡಿಸಿ, 18 ಮತ್ತು 5ರ ಗುಣಲಬ್ಧವನ್ನು ಇಮ್ಮಡಿಸಿ), 649 ಮತ್ತು 180 ಬರಬೇಕು.