ಬ್ಲೇಡ್ ಸರ್ವರಿನ ಸ್ಥಾಪನಾ ಕೈಪಿಡಿ: ಒಂದು ಆಕರ ವಿಮರ್ಶೆ

ಯಂತ್ರದ ಕೈಪಿಡಿಯನ್ನು ಇತಿಹಾಸದ ಆಕರವೆಂದು ಭಾವಿಸಿ ಓದುವ ಪದ್ಧತಿ ನಮ್ಮ ವಿಭಾಗಗಳಲ್ಲಿ ವಿರಳ. ಶಾಸನವನ್ನಾಗಲಿ, ಬಖೈರನ್ನಾಗಲಿ, ಕಂದಾಯದ ಕಡತವನ್ನಾಗಲಿ ಕೈಗೆತ್ತಿಕೊಂಡಾಗ, ಇದನ್ನು ಬರೆಸಿದವರು ಯಾರು, ಯಾರಿಗಾಗಿ ಬರೆಸಿದರು, ಏನನ್ನು ಹೇಳದೆ ಬಿಟ್ಟರು ಎಂದು ಕೇಳುವ ನಾವು, ಕೈಪಿಡಿಯ ಎದುರಿನಲ್ಲಿ ಮಾತ್ರ ಆ ಪ್ರಶ್ನೆಗಳನ್ನೆಲ್ಲ ಮರೆತು ವಿಧೇಯರಾಗಿಬಿಡುತ್ತೇವೆ. ಪ್ರಸ್ತುತ ಲೇಖನದಲ್ಲಿ ಅಂಥ ಒಂದು ಬರಹವನ್ನು, ಎಂದರೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರು 2006ರಲ್ಲಿ ಹೊರತಂದ ಸಿ7000 ಎಂಬ ಚಾಸಿಸ್ಸಿನಲ್ಲಿ ಬ್ಲೇಡ್ ಸರ್ವರನ್ನು ಕೂರಿಸುವ ಕ್ರಮವನ್ನು ತಿಳಿಸುವ ಕೈಪಿಡಿಯನ್ನು, ಪರೀಕ್ಷಿಸಲು ಉದ್ದೇಶಿಸಿದೆ. ಅದರಲ್ಲಿ ಸುಳ್ಳೆಂಬುದು ಯಾವುದೂ ಇಲ್ಲ. ಆದರೆ ವಿದ್ಯುತ್ತಿನ ವಿಷಯದಲ್ಲಿ ಅದು ಓದುಗನಲ್ಲಿ ಹುಟ್ಟಿಸುವ ಭರವಸೆ, ಅದು ಒದಗಿಸುವ ಸಾಕ್ಷ್ಯಕ್ಕಿಂತ ದೊಡ್ಡದು ಎಂಬುದು ನನ್ನ ಆಕ್ಷೇಪ.

ಮೊದಲು ವಸ್ತುವಿನ ಪರಿಚಯ. ಸಾಮಾನ್ಯ ಸರ್ವರಿಗೆ ತನ್ನದೇ ಆದ ಪವರ್ ಸಪ್ಲೈ ಉಂಟು, ತನ್ನದೇ ಆದ ಫ್ಯಾನುಗಳುಂಟು. ಬ್ಲೇಡಿಗೆ ಇವೆರಡೂ ಇಲ್ಲ. ಅದು ತೆಳುವಾದ ಒಂದು ಗಣಕಯಂತ್ರ. ಚಾಸಿಸ್ಸೆಂಬ ಗೂಡಿನೊಳಗೆ ಸರಿದು ಕುಳಿತ ಮೇಲೆಯೇ ಅದಕ್ಕೆ ವಿದ್ಯುತ್ತು, ಗಾಳಿ, ಜಾಲದ ಸಂಪರ್ಕ. ಸಿ7000ರಲ್ಲಿ ಅರ್ಧ ಎತ್ತರದ 16 ಬ್ಲೇಡುಗಳಿಗೆ ಸ್ಥಳವಿದೆ. ಅವೆಲ್ಲಕ್ಕೂ ಸೇರಿ ಹೆಚ್ಚೆಂದರೆ ಆರು ಪವರ್ ಸಪ್ಲೈಗಳು, ಹತ್ತು ಫ್ಯಾನುಗಳು. ಅವಿಭಕ್ತ ಕುಟುಂಬದಂತೆ ಒಲೆ ಒಂದೇ, ಉಣ್ಣುವವರು ಹಲವರು.

ಈ ರೂಪದ ಉಗಮವನ್ನು ವಿವರಿಸುವವರು ಸಾಮಾನ್ಯವಾಗಿ ಸ್ಥಳದ ಉಳಿತಾಯವನ್ನೇ ಮುಂದಿಡುತ್ತಾರೆ. ಇದು ಅರ್ಧಸತ್ಯ. 2001ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಸಂಸ್ಥೆ ಮಾರುಕಟ್ಟೆಗೆ ತಂದ ಯಂತ್ರದಲ್ಲಿ ಐದೂಕಾಲು ಅಂಗುಲ ಎತ್ತರದ ಚಾಸಿಸ್ಸಿನೊಳಗೆ 24 ಬ್ಲೇಡುಗಳಿದ್ದವು. ಅಷ್ಟು ಇಕ್ಕಟ್ಟಿನಲ್ಲಿ ಅವು ಬೇಯದೆ ಉಳಿದುದಕ್ಕೆ ಕಾರಣ, ಟ್ರಾನ್ಸ್‌ಮೆಟಾ ಸಂಸ್ಥೆಯ ಕ್ರೂಸೋ ಎಂಬ ಅತ್ಯಲ್ಪ ವಿದ್ಯುತ್ತನ್ನು ಬಳಸುವ ಪ್ರೊಸೆಸರ್. ಮರುವರ್ಷ, 2002ರಲ್ಲಿ, ಲಾಸ್ ಅಲಮೋಸ್ ರಾಷ್ಟ್ರೀಯ ಪ್ರಯೋಗಶಾಲೆಯ ವೂ ಫೆಂಗ್ ಮತ್ತು ಅವರ ಸಂಗಡಿಗರು ಇಂಥ 240 ಗಣಕಗಳನ್ನು ಒಂದೇ ರ‍್ಯಾಕಿನಲ್ಲಿ ಜೋಡಿಸಿ, ಅದಕ್ಕೆ ‘ಗ್ರೀನ್ ಡೆಸ್ಟಿನಿ’ ಎಂದು ಹೆಸರಿಟ್ಟರು. ವಿಶೇಷವಾದ ತಂಪಿನ ಏರ್ಪಾಡಿಲ್ಲದ, ಧೂಳು ತುಂಬಿದ ಗೋದಾಮಿನಲ್ಲಿ ಅದು ನಡೆಯಿತು. ಅದಕ್ಕೆ ಬೇಕಾದ ವಿದ್ಯುತ್ತು ಸುಮಾರು 3.2 ಕಿಲೋವಾಟ್ ಮಾತ್ರ. ಬ್ಲೇಡು ಹುಟ್ಟಿದಾಗ ಮಿತಾಹಾರಿಯಾಗಿದ್ದಿತು ಎಂಬುದನ್ನು ಇದರಿಂದ ತಿಳಿಯಬಹುದು. 2005ರಲ್ಲಿ ಹ್ಯೂಲೆಟ್ ಪ್ಯಾಕರ್ಡಿನವರು ಆರ್‌ಎಲ್‌ಎಕ್ಸ್ ಸಂಸ್ಥೆಯನ್ನು ಕೊಂಡರು. ಅದರ ಮರುವರ್ಷ ಬಂದ ಸಿ7000ಕ್ಕೆ ಮುಂದೆ 2400 ವಾಟಿನ ಪವರ್ ಸಪ್ಲೈಗಳು ದೊರೆತವು. ಆರೂ ಸೇರಿದರೆ 14,400 ವಾಟು, ಅದೂ ಹದಿನೇಳೂವರೆ ಅಂಗುಲ ಎತ್ತರದ ಒಂದೇ ಪೆಟ್ಟಿಗೆಯಲ್ಲಿ. ಸಾಮರ್ಥ್ಯವೇ ಬೇರೆ, ಬಳಕೆಯೇ ಬೇರೆ ಎಂಬುದನ್ನು ಒಪ್ಪಿಯೂ, ಹೆಸರು ಅದೇ ಉಳಿದು ಪ್ರಕೃತಿ ಬದಲಾಯಿತೆಂದು ಹೇಳಲಡ್ಡಿಯಿಲ್ಲ.

ಇನ್ನು ಕೈಪಿಡಿಯ ವಿಧಿಗಳು. ಖಾಲಿ ಗೂಡಿನ ಮುಚ್ಚಳವನ್ನು ತೆಗೆಯತಕ್ಕದ್ದು; ಬ್ಲೇಡಿನ ಸನ್ನೆಯನ್ನು ಬಿಡಿಸಿ, ಅದನ್ನು ಒಳಕ್ಕೆ ಪೂರ್ಣವಾಗಿ ಸರಿಸಿ, ಸನ್ನೆಯನ್ನು ಮುಚ್ಚತಕ್ಕದ್ದು. ಆಗ ಯಂತ್ರ ತಾನಾಗಿಯೇ ಚಾಲೂ ಆಗುತ್ತದೆ. ಹಾಗೆ ಆಗದ ಪಕ್ಷದಲ್ಲಿ ಗುಂಡಿಯನ್ನು ಒತ್ತಬಹುದು. ದೀಪ ಕೇಸರಿ ಬಣ್ಣದಲ್ಲಿದ್ದರೆ ಯಂತ್ರ ಕಾದಿದೆ, ಹಸಿರಾದರೆ ನಡೆಯುತ್ತಿದೆ. ಓದುಗನ ಮಟ್ಟಿಗೆ ವಿದ್ಯುತ್ತಿನ ಪರೀಕ್ಷೆ ಇಲ್ಲಿಗೆ ಮುಗಿಯಿತು.

‘ತಾನಾಗಿಯೇ’ ಎಂಬ ಈ ಒಂದು ಮಾತಿನ ಹಿಂದೆ ಸಾಕಷ್ಟು ದೊಡ್ಡ ವ್ಯವಹಾರ ಅಡಗಿದೆ. ಸನ್ನೆ ಮುಚ್ಚಿದೊಡನೆ ಬ್ಲೇಡಿಗೆ ದೊರೆಯುವುದು ಅಲ್ಪ ಪ್ರಮಾಣದ ವಿದ್ಯುತ್ತು. ಅದರಿಂದ ಎಚ್ಚರಗೊಳ್ಳುವುದು ಅದರೊಳಗಿನ ಮೇಲ್ವಿಚಾರಣೆಯ ಚಿಪ್ಪು ಮಾತ್ರ. ತನಗೆ ಎಷ್ಟು ವಾಟು ಬೇಕೆಂದು ಅದು ಚಾಸಿಸ್ಸಿನ ಆಡಳಿತ ಘಟಕಕ್ಕೆ ತಿಳಿಸುತ್ತದೆ. ಘಟಕವು ಇರುವ ಪವರ್ ಸಪ್ಲೈಗಳನ್ನು ಎಣಿಸಿ, ಈಗಾಗಲೇ ಇತರ ಬ್ಲೇಡುಗಳಿಗೆ ಹಂಚಿರುವುದನ್ನು ಕಳೆದು, ಶೇಷವಿದ್ದರೆ ಅನುಮತಿ ಕೊಡುತ್ತದೆ, ಇಲ್ಲವಾದರೆ ಇಲ್ಲ. ಫ್ಯಾನುಗಳು ನಾಲ್ಕೇ ಇದ್ದಲ್ಲಿ 1, 2, 9 ಮತ್ತು 10ನೆಯ ಗೂಡುಗಳಲ್ಲಿ ಮಾತ್ರ ಬ್ಲೇಡುಗಳಿಗೆ ಅವಕಾಶ. ಎಂದ ಮೇಲೆ, ಹಸಿರು ದೀಪವು ಮಂಜೂರಾತಿಯ ಗುರುತು. ಕೇಸರಿ ದೀಪವನ್ನು ಕಂಡು ಬ್ಲೇಡೇ ಕೆಟ್ಟಿದೆಯೆಂದು ಹೊರತೆಗೆದು, ಒರಸಿ, ಮತ್ತೆ ಮತ್ತೆ ತಳ್ಳಿ ನೋಡುವವರು, ಅರ್ಜಿ ತಿರಸ್ಕೃತವಾದದ್ದಕ್ಕೆ ಅರ್ಜಿಯ ಕಾಗದವನ್ನು ದೂರಿದಂತಾಗುತ್ತದೆ.

ಈ ಲೆಕ್ಕವಾದರೂ ಎಂಥದು? ಒಂದು ಪವರ್ ಸಪ್ಲೈ ಕೆಟ್ಟರೂ ನಡೆಯಬೇಕೆಂದು ವಿಧಿಸಿದರೆ ಆರರಲ್ಲಿ ಐದನ್ನು ಎಣಿಸಲಾಗುತ್ತದೆ, 12,000 ವಾಟು. ವಿದ್ಯುತ್ತಿನ ಒಂದು ಮೂಲವೇ ನಿಂತುಹೋದರೂ ನಡೆಯಬೇಕೆಂದರೆ ಮೂರನ್ನೇ ಎಣಿಸಬೇಕು, 7,200 ವಾಟು. ಎರಡನೆಯದರಲ್ಲಿ, ಮೂರು ತಂತಿಗಳು ಒಂದು ಮೂಲಕ್ಕೂ ಮಿಕ್ಕ ಮೂರು ಇನ್ನೊಂದಕ್ಕೂ ಹೋಗಿವೆ ಎಂಬ ಗ್ರಹಿಕೆ ಇದೆ. ಆಡಳಿತ ಘಟಕಕ್ಕೆ ತನ್ನ ಆರು ಪವರ್ ಸಪ್ಲೈಗಳು ಕಾಣುತ್ತವೆ. ಗೋಡೆಯ ಆಚೆ ಆ ತಂತಿಗಳು ಎಲ್ಲಿಗೆ ಹೋದವೆಂಬುದು ಕಾಣದು. ಮೂಲಗಳು ಬೇರೆಯಾಗಿರಬೇಕೆಂಬ ಸೂಚನೆ ಬರುವುದು ಚಾಸಿಸ್ಸನ್ನು ಮೊದಲು ನಿಲ್ಲಿಸುವವನಿಗಾಗಿ ಬರೆದ ಪುಸ್ತಿಕೆಯಲ್ಲಿ. ವರ್ಷಗಳು ಕಳೆದು ಹೊಸ ಬ್ಲೇಡನ್ನು ಕೈಯಲ್ಲಿ ಹಿಡಿದು ನಿಂತವನ ಮುಂದಿರುವ ಪುಸ್ತಿಕೆ ಬೇರೆ. ಮೂಲ ದಾನಪತ್ರ ನಷ್ಟವಾಗಿ, ಅದನ್ನು ಉಲ್ಲೇಖಿಸುವ ಮರುದಾನದ ಶಾಸನ ಮಾತ್ರ ಉಳಿದಾಗ ನಮಗೆ ಒದಗುವ ಕಷ್ಟ ಇಂಥದೇ. ಎಲ್ಲೆಗಳನ್ನು ಹೇಳಿರುವುದು ಆ ಮೊದಲನೆಯದರಲ್ಲಿ.

ಇದು ಕೇವಲ ತರ್ಕವಲ್ಲವೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳಬೇಕು. ನಾನು ಕೆಲವು ಕಾಲ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಹಳೆಯ ಕಡತಗಳ ಛಾಯಾಪ್ರತಿಗಳನ್ನು ಇಂಥದೇ ಒಂದು ಚಾಸಿಸ್ಸಿನ ಬ್ಲೇಡುಗಳ ಮೂಲಕ ಸಂಗ್ರಹಿಸಲಾಗುತ್ತಿತ್ತು; ಅದರ ತಯಾರಕರು ಬೇರೆಯವರು. ಹೊಸದಾಗಿ ಕೂರಿಸಿದ ಬ್ಲೇಡಿನ ದೀಪ ಹಸಿರಾಗಿತ್ತು, ಆಡಳಿತ ಘಟಕದ ಪರದೆಯಲ್ಲಿ ಎರಡು ಮೂಲಗಳ ರಕ್ಷಣೆ ಇದೆಯೆಂದು ಬರೆದಿತ್ತು. ಒಂದು ಮಧ್ಯಾಹ್ನ ಎಲ್ಲ ಬ್ಲೇಡುಗಳೂ ಏಕಕಾಲದಲ್ಲಿ ಆರಿಹೋದವು. ತಂತಿಗಳನ್ನು ಹಿಂಬಾಲಿಸಿ ನೋಡಲಾಗಿ, ರ‍್ಯಾಕಿನಲ್ಲಿ ಎರಡಾಗಿದ್ದುದು ಮೊಗಸಾಲೆಯ ಫಲಕದಲ್ಲಿ ಒಂದೇ ಆಗಿದ್ದಿತು. ಎರಡೂ ಒಂದೇ ಯು.ಪಿ.ಎಸ್.ಗೆ ಸೇರಿದ್ದವು. ಅಂದು ನಕಲಾಗುತ್ತಿದ್ದ ಛಾಯಾಪ್ರತಿಗಳ ಒಂದು ಭಾಗವನ್ನು ಪುನಃ ತೆಗೆಯಬೇಕಾಯಿತು. ಮೂಲ ಕಾಗದಗಳಲ್ಲಿ ಕೆಲವು ಎರಡನೆಯ ಸಲ ಬಿಡಿಸುವುದನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ.

ಕಟ್ಟಡದ ವಿಷಯ ಯಂತ್ರದ ಕರ್ತೃವಿಗೆ ತಿಳಿಯುವುದಾದರೂ ಹೇಗೆ ಎಂದು ಆಕ್ಷೇಪಿಸಬಹುದು. ಒಪ್ಪತಕ್ಕ ಮಾತೇ. ನಾನು ಕೇಳುವುದು ಅವರಿಂದ ಉತ್ತರವನ್ನಲ್ಲ. ಬ್ಲೇಡಿನ ಪುಸ್ತಿಕೆಯಲ್ಲಿ ಆ ಪ್ರಶ್ನೆ ಇರಲಿ ಎಂದಷ್ಟೆ. ಸನ್ನೆಯನ್ನು ಮುಚ್ಚುವ ವಿಧಿಗೆ ಮೊದಲು, ಆಡಳಿತ ಘಟಕದಲ್ಲಿ ಶೇಷವಿರುವ ವಾಟುಗಳನ್ನು ಓದಿ ಬರೆದುಕೊಳ್ಳುವ ಒಂದು ಸಾಲು. ರ‍್ಯಾಕಿನ ಹಿಂಬದಿಗೆ ಹೋಗಿ ಪ್ರತಿಯೊಂದು ತಂತಿಯನ್ನೂ ಫಲಕದವರೆಗೆ ಅನುಸರಿಸಿ ನೋಡುವ ಇನ್ನೊಂದು ಸಾಲು. ಮೇಲೆ ಹೇಳಿದ ಸಂಸ್ಥೆಯಲ್ಲಿ ಆ ಬಳಿಕ ರ‍್ಯಾಕಿನ ಬಾಗಿಲ ಒಳಮೈಗೆ ಒಂದು ಹಾಳೆಯನ್ನು ಅಂಟಿಸಿದರು. ಅದರಲ್ಲಿ ಪವರ್ ಸಪ್ಲೈಯ ಸಂಖ್ಯೆ, ತಂತಿ ಸೇರುವ ಫಲಕ ಮತ್ತು ಸ್ವಿಚ್ಚು, ನೋಡಿದ ತಾರೀಖು, ನೋಡಿದವರ ರುಜು ಇವಿಷ್ಟೇ ಇದ್ದವು. ಹಾಳೆಯನ್ನು ತುಂಬುತ್ತಿದ್ದವರು ಅಲ್ಲಿನ ವಿದ್ಯುತ್ ಕೆಲಸಗಾರರು. ಅವರು ಕೈಪಿಡಿಯನ್ನು ಓದಿದವರಲ್ಲ.