ಓಕೆಯ ಜಾತಕ

1839ರ ಮಾರ್ಚ್ 23ರಂದು ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಎರಡನೆಯ ಪುಟದಲ್ಲಿ ‘ಓ.ಕೆ.’ ಎಂಬ ಎರಡು ಅಕ್ಷರ ಅಚ್ಚಾದವು. ಊಟದ ಗಂಟೆ ಬಾರಿಸುವುದನ್ನು ಬಾಸ್ಟನ್ನಿನಲ್ಲಿ ನಿಷೇಧಿಸಿದ್ದರ ಸುತ್ತ ಹುಟ್ಟಿಕೊಂಡ ತಮಾಷೆಯ ಸಂಘವೊಂದರ ಕುರಿತ ಹರಟೆ ಅದು. ‘ಆಲ್ ಕರೆಕ್ಟ್’ ಎನ್ನುವುದನ್ನು ಬೇಕೆಂದೇ ಎ ಬದಲು ಓ, ಸಿ ಬದಲು ಕೆ ಹಾಕಿ ಮೊಟಕು ಮಾಡಿದ್ದರು. ಎಲ್ಲ ಸರಿ ಎಂಬುದನ್ನೇ ತಪ್ಪಾಗಿ ಬರೆಯುವುದು ಆಗಿನ ಸಂಪಾದಕರ ಕುಚೇಷ್ಟೆ. ಅಂಥ ಮೊಟಕುಗಳು ಆಗ ಹತ್ತಾರು ಇದ್ದವು. ಬಹುಪಾಲು ಸತ್ತವು, ಇದೊಂದು ಬದುಕಿತು.

ಯಾಕೆ ಬದುಕಿತು? ಅಲನ್ ಮೆಟ್‌ಕಾಫ್ ಅವರ ‘ಓಕೆ’ (2010) ಪುಸ್ತಕದ ಜೀವ ಇರುವುದು ಈ ಪ್ರಶ್ನೆಯಲ್ಲಿ. 1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮಾರ್ಟಿನ್ ವಾನ್ ಬ್ಯೂರನ್ ಬೆಂಬಲಿಗರು ಅವರ ಹುಟ್ಟೂರಿನ ನೆನಪಿಗೆ ‘ಓಲ್ಡ್ ಕಿಂಡರ್‌ಹುಕ್’ ಎಂದು ಕೂಗಿ ಓಕೆಯನ್ನು ಘೋಷಣೆ ಮಾಡಿಕೊಂಡರು. ಎದುರಾಳಿಗಳು ಸುಮ್ಮನಿದ್ದರೆ? ಹಿಂದಿನ ಅಧ್ಯಕ್ಷ ಆ್ಯಂಡ್ರೂ ಜಾಕ್ಸನ್‌ಗೆ ಕಾಗುಣಿತ ಬಾರದು, ಕಡತಗಳ ಮೇಲೆ ಓ.ಕೆ. ಎಂದು ಗೀಚುತ್ತಿದ್ದರು ಎಂಬ ಕಥೆ ಕಟ್ಟಿದರು. ಕಥೆ ಸುಳ್ಳು. ಆದರೆ ಅದನ್ನು ಓದಿದ ಜನ ನಿಜವಾಗಿಯೂ ಕಾಗದಪತ್ರಗಳ ಮೇಲೆ ಓಕೆ ಬರೆಯತೊಡಗಿದರು ಎನ್ನುತ್ತಾರೆ ಮೆಟ್‌ಕಾಫ್. ಗಾಳಿಸುದ್ದಿಯೊಂದು ರೂಢಿಯಾದ ಈ ಅಧ್ಯಾಯ ಪತ್ತೇದಾರಿ ಕಾದಂಬರಿಯಷ್ಟು ಚುರುಕಾಗಿದೆ. ಮೂಲ ಪತ್ತೆಯ ಶ್ರೇಯ 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿದ ಆ್ಯಲನ್ ವಾಕರ್ ರೀಡ್ ಅವರದು. ಮೆಟ್‌ಕಾಫ್ ಅದನ್ನು ಮುಚ್ಚಿಡುವುದಿಲ್ಲ.

ಚೋಕ್ಟಾ ಮೂಲನಿವಾಸಿಗಳ ಭಾಷೆ, ಗ್ರೀಕ್, ಪಶ್ಚಿಮ ಆಫ್ರಿಕಾ ಎಂದು ಓಕೆಗೆ ಅಪ್ಪ-ಅಮ್ಮಂದಿರನ್ನು ಹುಡುಕಿಕೊಟ್ಟವರು ಬಹಳ. ಅಧ್ಯಕ್ಷ ವುಡ್ರೋ ವಿಲ್ಸನ್ ಚೋಕ್ಟಾ ಕಥೆಯನ್ನು ನಂಬಿ ‘ಓಕೇಹ್’ ಎಂದೇ ಬರೆಯುತ್ತಿದ್ದರು. ತೂಕದ ಕಥೆ ಬೇಕೆನ್ನುವವರಿಗೆ ಪತ್ರಿಕೆಯ ಪೋಲಿ ಜೋಕು ರುಚಿಸುವುದಿಲ್ಲ.

ಪುಸ್ತಕ ಜಾರುವುದು ಕೊನೆಯಲ್ಲಿ. ಓಕೆ ಎಂದರೆ ಅಮೆರಿಕದ ಜೀವನದೃಷ್ಟಿಯೇ ಎರಡಕ್ಷರದಲ್ಲಿ ಇಳಿದದ್ದು ಎಂಬ ವಾದ ಶುರುವಾಗುತ್ತದೆ. ಅದಕ್ಕೆ ಮುಖ್ಯ ಆಧಾರ ಥಾಮಸ್ ಹ್ಯಾರಿಸ್ 1967ರಲ್ಲಿ ಬರೆದ ‘ಐ ಆ್ಯಮ್ ಓಕೆ, ಯು ಆರ್ ಓಕೆ’ ಎಂಬ ಮನಶ್ಶಾಸ್ತ್ರದ ಜನಪ್ರಿಯ ಪುಸ್ತಕ. ಒಂದು ಶೀರ್ಷಿಕೆಯಿಂದ ಇಡೀ ದೇಶ ಸಹಿಷ್ಣುತೆ ಕಲಿಯಿತು ಎಂದರೆ ಹೇಗೆ ನಂಬುವುದು? ಬಾಸ್ಟನ್ನಿನ ಕಾಲಂಗಳಲ್ಲಿ ಪುರಾವೆ ಕೇಳಿದ ಲೇಖಕ ಇಲ್ಲಿ ಕೇಳುವುದೇ ಇಲ್ಲ.

ಹಾಗೆ ನೋಡಿದರೆ ಉತ್ತರ ಅವರ ಕೈಯಲ್ಲೇ ಇತ್ತು. ಓಕೆ ಒಪ್ಪುತ್ತದೆ, ಹೊಗಳುವುದಿಲ್ಲ ಎಂದು ಅವರೇ ಗುರುತಿಸಿದ್ದಾರೆ. ‘ಸಿನಿಮಾ ಓಕೆ’ ಎಂದರೆ ಸಿನಿಮಾ ಅಷ್ಟಕ್ಕಷ್ಟೆ. ‘ಸಾಹೇಬ್ರು ಓಕೆ ಮಾಡಿದ್ರಾ?’ ಎಂದು ನಮ್ಮ ಕಚೇರಿಗಳಲ್ಲಿ ಕೇಳುವಾಗ ಸಾಹೇಬರಿಗೆ ಇಷ್ಟವಾಯಿತೇ ಎಂದು ಯಾರೂ ವಿಚಾರಿಸುತ್ತಿಲ್ಲ. ಕಡತ ಮುಂದಕ್ಕೆ ಹೋದರೆ ಸಾಕು. ಇದಕ್ಕೆ ಅಮೆರಿಕದ ತತ್ವವೇನೂ ಬೇಕಿಲ್ಲ. ಬೇರೆ ಭಾಷೆಗಳು ಈ ಮಾತನ್ನು ಹೇಗೆ ಪಳಗಿಸಿಕೊಂಡವು ಎಂಬುದಕ್ಕೆ ಮೆಟ್‌ಕಾಫ್ ಇನ್ನಷ್ಟು ಪುಟ ಕೊಡಬೇಕಿತ್ತು, ಹ್ಯಾರಿಸ್‌ಗೆ ಕೊಟ್ಟದ್ದರಲ್ಲಿ ಅರ್ಧ ಕಿತ್ತುಕೊಂಡಾದರೂ.